ಎಲ್ಲ ಎದೆಯುರಿಯೂ ಪಿತ್ತವಲ್ಲ

ನಿನ್ನೆ ಸಿರಸಿಯ ಮದುವೆಮನೆಯ ಪಂಕ್ತಿಯಲ್ಲಿ ನನ್ನೆದುರು ಕುಳಿತಿದ್ದ 16 ವರ್ಷದ ಹುಡುಗನೊಬ್ಬ ತುತ್ತು ತುತ್ತಿಗೂ ನೀರು ಕುಡಿದು, ಕತ್ತು ಚಾಚಿ, ಅನ್ನವನ್ನು ಕಷ್ಟಪಟ್ಟು ಕೆಳಗಿಳಿಸುತ್ತಿದ್ದ. ಪಕ್ಕದ ಹಿರಿಯರು, “ತಮಾ, ನಿಂಗೆ ಪಿತ್ತ ಜಾಸ್ತಿ ಆಯ್ದು, ಮುರುಗಲ ಪಾನಕ ಕುಡಿ” ಎಂದರು. ಎರಡು ವರ್ಷದಿಂದ ಆಸಿಡಿಟಿ ಮಾತ್ರೆ ನುಂಗುತ್ತಿದ್ದಾನೆಂದು ತಾಯಿ ಹೇಳಿದಾಗ ನನಗೆ ಊಟ ಸೇರಲಿಲ್ಲ.

ನನ್ನ ಮಗಳೂ ಎದೆಯುರಿಯಿಂದ ಪಾಡುಪಟ್ಟವಳು; ಅದು ಪಿತ್ತವಲ್ಲ, ಆಹಾರದ ಅಲರ್ಜಿಯೆಂದು ಆಮೇಲೆ ತಿಳಿಯಿತು. ಆದರೆ ಒಂದು ಮಾತನ್ನು ನಾನು ಈವರೆಗೆ ಹೇಳಿರಲಿಲ್ಲ. ಅವಳ ಎದೆಯುರಿಗೆ ತಂಪಾಗಲೆಂದು ದಿನವೂ ಒಂದೆಲಗದ ತಂಬುಳಿ ಅರೆದು ಬಡಿಸಿದವಳು ನಾನೇ. ಅವಳಿಗೆ ಆಗದೇ ಇದ್ದದ್ದು ಹಾಲು, ಆ ತಂಬುಳಿಗೆ ಬೆರೆಸುತ್ತಿದ್ದ ಮಜ್ಜಿಗೆಯೂ ಅದರಿಂದಲೇ ಆದದ್ದು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಅವಳಿಗಿದ್ದ ಕಾಯಿಲೆ ಇಯೋಸಿನೊಫಿಲಿಕ್ ಈಸೋಫಜೈಟಿಸ್. ಸಾಮಾನ್ಯ ಹುಳಿತೇಗಿನಲ್ಲಿ ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗಿ ಹೊಟ್ಟೆಯ ಆಮ್ಲ ಮೇಲೇರುತ್ತದೆ. ಆದರೆ ಅವಳ ಕಾಯಿಲೆಯಲ್ಲಿ ಹಾಲು, ಗೋಧಿ, ಮೊಟ್ಟೆ, ಸೋಯಾದಂತಹ ಆಹಾರದ ಅಲರ್ಜಿಯಿಂದ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದ ಗೋಡೆಯಲ್ಲೇ ಸೇರಿಕೊಂಡು ಉರಿಯೂತ ಉಂಟುಮಾಡುತ್ತವೆ. ವರ್ಷಗಟ್ಟಲೆ ಬಿಟ್ಟರೆ ನಾಳವೇ ಕಿರಿದಾಗಬಹುದು. ತಿಂದ ಕೂಡಲೇ ಮೈಮೇಲೆ ದದ್ದು ಏಳುವ ಅಲರ್ಜಿ ಇದಲ್ಲವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಚರ್ಮದ ಅಲರ್ಜಿ ಪರೀಕ್ಷೆಯನ್ನು ನಂಬಿ ಕಾರಣವಾದ ಆಹಾರವನ್ನು ಗುರುತಿಸಲೂ ಆಗುವುದಿಲ್ಲ. ಆಮ್ಲ ತಗ್ಗಿಸುವ ಮಾತ್ರೆಯಿಂದ ಈ ರೋಗಿಗಳಲ್ಲೂ ಕೆಲವರಿಗೆ ಗುಣ ಕಾಣುವುದರಿಂದ, ಮಾತ್ರೆ ನಾಟಿತೆಂದ ಮಾತ್ರಕ್ಕೆ ಅದು ಬರಿಯ ಪಿತ್ತವೆಂದು ತೀರ್ಮಾನಿಸುವಂತಿಲ್ಲ.

ಎದೆಯುರಿ ಬಂದವರಿಗೆಲ್ಲ ಅಲರ್ಜಿ ಇರುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ, ಹೆಚ್ಚಿನವರಿಗೆ ಇರುವುದಿಲ್ಲ. ಆದರೆ ಅನ್ನ ಗಂಟಲಿನಿಂದ ಇಳಿಯದೇ ಎದೆಯಲ್ಲಿ ಸಿಕ್ಕಿಕೊಳ್ಳುವ ಮಗುವಿನ ಮುಂದೆ ಆ ಮಾತು ಆಡಿ ಸುಮ್ಮನಾಗುವುದನ್ನು ನಾನು ಒಪ್ಪಲಾರೆ. ಪಿತ್ತ ಎನ್ನುವ ಒಂದೇ ಪದದಲ್ಲಿ ನಾವು ಎಷ್ಟು ಮಕ್ಕಳ ನೋವನ್ನು ಮುಚ್ಚಿಹಾಕಿದ್ದೇವೋ ಏನೋ.

ಹಾಗೆಂದು ನಾಳೆಯಿಂದಲೇ ಮಕ್ಕಳಿಗೆ ಹಾಲು, ಗೋಧಿ ನಿಲ್ಲಿಸಬೇಡಿ. ಯಾವುದನ್ನು ಎಷ್ಟು ವಾರ ಬಿಡಬೇಕು, ಯಾವಾಗ ಮರಳಿ ಕೊಟ್ಟು ನೋಡಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಬೆಳೆಯುವ ಮಕ್ಕಳಿಗೆ ಪೋಷಣೆ ಕಡಿಮೆಯಾಗಬಾರದು.

ಕೈತೊಳೆಯುವಾಗ ಆ ಹುಡುಗನ ತಾಯಿಯನ್ನು ಬದಿಗೆ ಕರೆದು, ಕೊಳವೆ ಇಳಿಸಿ ಅನ್ನನಾಳ ನೋಡುವ ಎಂಡೋಸ್ಕೋಪಿ ಮಾಡಿಸಿದರೆ, ಒಳಗೋಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನೂ ಕೇಳಿ, ಈ ಕಾಯಿಲೆಯಲ್ಲಿ ಅನ್ನನಾಳ ಹೊರನೋಟಕ್ಕೆ ಸರಿಯಾಗಿಯೇ ಕಾಣಬಹುದು ಎಂದೆ. ಅವರು ಆ ಕಾಯಿಲೆಯ ಹೆಸರನ್ನು ಬರೆದುಕೊಡಲು ಹೇಳಿದರು. ಮದುವೆಯ ಕರೆಯೋಲೆಯ ಹಿಂಬದಿಯಲ್ಲೇ ಬರೆದುಕೊಟ್ಟೆ.