ಎರಡು ಚಕ್ರ ಜಾಸ್ತಿ

ಬೆಂಗಳೂರಿನಲ್ಲಿರುವ ನನ್ನ ಭಾಮೈದ ಕ್ಯಾಂಪರ್ ಟ್ರೈಲರ್ ತಗೊಂಡಿದ್ದಾನೆ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಎರಡು ಚಕ್ರದ ಪುಟ್ಟ ಮನೆ. ಒಳಗೆ ಹಾಸಿಗೆ, ಹಿಂದಿನ ಬಾಗಿಲು ಎತ್ತಿದರೆ ಒಲೆ ಮತ್ತು ಸಿಂಕು, ನೆತ್ತಿ ಮೇಲೊಂದು ಸೋಲಾರ್ ಹಲಗೆ. ಮೂವತ್ತು ವರ್ಷ ಸಾಲ ಮಾಡಿ ಮನೆ ಕಟ್ಟಿದವನು ಅದನ್ನು ಬಿಟ್ಟು ಇದರಲ್ಲಿ ಯಾಕೆ ಮಲಗ್ತಾನೆ ಅಂತ ಅತ್ತೆಗೆ ಇನ್ನೂ ಅರ್ಥವಾಗಿಲ್ಲ.

ಅವನ ಗುರುಗಳೆಲ್ಲ ಆಸ್ಟ್ರೇಲಿಯಾದವರು. ಅಲ್ಲಿ ಗಿಬ್ ರಿವರ್ ರೋಡ್ ಅಂತ ಒಂದಿದೆ. ಸುಮಾರು 660 ಕಿ.ಮೀ., ಬಹುಪಾಲು ಜಲ್ಲಿ, ಮಣ್ಣು. ದನ ಸಾಗಿಸೋಕೆ ಮಾಡಿದ ರಸ್ತೆ. ಈಗ ಜನ ಟ್ರೈಲರ್ ಎಳೆದುಕೊಂಡು ಹೋಗಿ, ಟೈರಿನ ಗಾಳಿ ಒಂದಿಷ್ಟು ಇಳಿಸಿ, ಖುಷಿಯಿಂದ ಮೈಕೈ ಕುಲುಕಿಸಿಕೊಳ್ಳುತ್ತಾರೆ. "ಭಾವ, ನಮ್ ಕಡೆ ಇಂಥ ರೋಡ್ ಎಲ್ಲಾದ್ರೂ ಇದ್ರೆ ಹೇಳಿ" ಅಂದ. ತುಮಕೂರು ಜಿಲ್ಲೆಯವನನ್ನು ಕೇಳೋ ಪ್ರಶ್ನೆಯಾ ಇದು?

ಪಾವಗಡಕ್ಕೆ ಹೋಗೋದು ಅಂತಾಯಿತು. ಪಾವಗಡ ನಮ್ಮ ಜಿಲ್ಲೆಯೇ, ಆದರೆ ಮಧುಗಿರಿಯಿಂದ ಅಲ್ಲಿಗೆ ಹೋಗೋಕೆ ನಡುವೆ ಆಂಧ್ರ ದಾಟಬೇಕು. ಅವನಿಗಂತೂ ಫಾರಿನ್ ಟ್ರಿಪ್‌ನಷ್ಟೇ ಸಂಭ್ರಮ. ಮಧುಗಿರಿ ಏಕಶಿಲೆ ಬೆಟ್ಟದ ಮುಂದೆ ಫೋಟೋ ತೆಗೆಸಿಕೊಂಡು, ಮಿಡಿಗೇಶಿಗೆ ಮುಂಚೆಯೇ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದ. ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಈ ತಾರೀಕು ನೆನಪಿಟ್ಟುಕೊಳ್ಳಿ.

ಮೊದಲು ಸಿಕ್ಕಿದ್ದು ಹಂಪು. ರಸ್ತೆಗಳ ಅಳತೆ-ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದಲ್ಲಿ ಹಂಪು ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮೂರ ಹಂಪಿಗೆ ಅಂಥ ಲೆಕ್ಕ ಇಲ್ಲ, ಆವತ್ತು ಉಳಿದ ಸಿಮೆಂಟೆಷ್ಟೋ ಅಷ್ಟು ಎತ್ತರ. ಶಾಲೆಗೊಂದು, ಗುಡಿಗೊಂದು, ಮೆಂಬರ್ ಮನೆಗೆರಡು. ಕಾರು ಹತ್ತಿ ಇಳಿಯಿತು. ಟ್ರೈಲರ್ ಇನ್ನೂ ಆಚೆ ಕಡೆಯೇ ಇತ್ತು. ನಡುವಿನ ಕೊಂಡಿ ಹಂಪಿನ ನೆತ್ತಿ ಮೇಲೆ, ಗೂಡು ಸಿಕ್ಕ ಕೋಳಿಯ ಹಾಗೆ, ಕೂತುಬಿಟ್ಟಿತು.

ಐದು ನಿಮಿಷದಲ್ಲಿ ಊರು ಸೇರಿತು. ಅಜ್ಜಿಯೊಬ್ಬರು ಸೀದಾ ಟ್ರೈಲರ್ ಹಿಂದೆ ಬಂದು, ತೋಳು ಮೇಲಕ್ಕೆ ಮಾಡಿ, "ಬಿಪಿ ನೋಡ್ಬಿಡಪ್ಪ" ಅಂದರು. ಇನ್ನೊಬ್ಬರ ಕೈಲಿ ರೇಷನ್ ಕಾರ್ಡಿತ್ತು. ಪ್ರವಾಸಿ ಅಂತ ಹೇಳಿದರೆ ಯಾರೂ ನಂಬಲಿಲ್ಲ. ಇಲ್ಲಿ ನೋಡೋಕೇನಿದೆ, ಅಲ್ವಾ?

ಹತ್ತು ಜನ ಎತ್ತಿ ದಾಟಿಸಿದರು. ಮುಂದಿನ ತಿರುವಿನಲ್ಲಿ ರಸ್ತೆಯೇ ಕಾಣಲಿಲ್ಲ. ಎಪ್ಪತ್ತು ಎಂಬತ್ತು ಅಡಿ ಉದ್ದಕ್ಕೂ ಮೊಣಕಾಲೆತ್ತರ ಹುರುಳಿ ಗಿಡ ಹರಡಿತ್ತು. ತಾರೀಕು ನೆನಪಿದೆಯಲ್ಲ, ಒಕ್ಕಣೆ ಕಾಲ. ಮುಂದೆ ಕವೆಗೋಲು ಹಿಡಿದು ತಲೆಗೆ ಟವಲ್ ಸುತ್ತಿದ ಯಜಮಾನರು.

"ಹರಿಸ್ರಿ, ಹರಿಸ್ರಿ, ನಿಧಾನಕ್ಕೆ" ಅಂದರು.

ಭಾಮೈದ ಹರಿಸಿದ. ಯಜಮಾನರು ಬಗ್ಗಿ ಟ್ರೈಲರಿನ ಚಕ್ರ ನೋಡಿದರು. ಮುಖ ಅರಳಿತು. "ಎರಡು ಚಕ್ರ ಜಾಸ್ತಿ ಐತೆ. ಇನ್ನೊಂದು ರೌಂಡ್ ಹೊಡೀರಿ ಸಾಮಿ!"

ಊರಿಗೆ ಸಿಮೆಂಟಿನ ಕಣ ಮಾಡಿಕೊಟ್ಟಿಲ್ವಾ ಅಂತ ನಾನು ಕೇಳಿದೆ. ಮಾಡಿಕೊಟ್ಟಿದ್ದಾರೆ, ಹುಡುಗರು ಅದರ ಮೇಲೆ ವಾಲಿಬಾಲ್ ಆಡ್ತಾರೆ ಅಂದರು. ಮತ್ತೆ ಅಲ್ಲೇ ಯಾಕೆ ಒಕ್ಕಲ್ಲ? "ಅದ್ರ ಮ್ಯಾಲೆ ಕಾರು ಓಡಾಡಲ್ವಲ್ಲ ಸಾಮಿ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ರೋಣಗಲ್ಲು ಎಳೆಯುವ ಎತ್ತು ಮಾರಿ ಆಗಿದೆ. ಮಷಿನ್ ಬಾಡಿಗೆ ಗಂಟೆ ಲೆಕ್ಕ. ರಸ್ತೆಯಲ್ಲಿ ಪುಗಸಟ್ಟೆ, ಡೀಸೆಲ್ಲೂ ನಮ್ಮದೇ. ನಮ್ಮ ತೆರಿಗೆ ದುಡ್ಡಿನಲ್ಲಿ ಸರ್ಕಾರ ಇಷ್ಟು ಉದ್ದದ ಕಣ ಹಾಕಿಸಿಕೊಟ್ಟಿದೆ, ನಾವೇ ಅದನ್ನು ಸುಮ್ನೆ ರಸ್ತೆ ಅಂತ ಕರೀತಿದ್ದೇವೆ. ಪಕ್ಕದ ಕಾಮಗಾರಿ ಫಲಕದಲ್ಲಿ ಐದು ವರ್ಷದ ನಿರ್ವಹಣೆ ಅಂತ ಬರೆದಿತ್ತು. ಫಲಕಕ್ಕೆ ರಾಗಿ ಹುಲ್ಲು ಒರಗಿಸಿದ್ದರು.

ಇನ್ನೊಂದು ರೌಂಡ್ ಅಂದರೆ ರಿವರ್ಸ್. ಟ್ರೈಲರ್ ಹಿಂದಕ್ಕೆ ಬಿಡೋದು ಬೇರೆಯೇ ವಿದ್ಯೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಓಡುತ್ತದೆ. ಭಾಮೈದ ಆಸ್ಟ್ರೇಲಿಯಾದ ವಿಡಿಯೋ ನಲವತ್ತು ನೋಡಿದ್ದ, ನಾಲ್ಕು ಸಲ ಪ್ರಯತ್ನ ಮಾಡಿ ಮೂರು ಸಲ ಚರಂಡಿ ಕಡೆ ಮೂತಿ ಹಾಕಿದ. ಮೀಸೆ ಚಿಗುರದ ಹುಡುಗನೊಬ್ಬ, "ಅಣ್ಣ, ಇಳೀರಿ. ನಮ್ ಟ್ರ್ಯಾಕ್ಟರ್ ಟ್ರೈಲರ್ ಇದರ ಎರಡಷ್ಟಿದೆ" ಅಂದ. ಲೈಸೆನ್ಸ್ ಕೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ. ಒಂದೇ ಏಟಿಗೆ ಹಿಂದೆ ಬಿಟ್ಟ. ಆಮೇಲೆ ಮುಂದಕ್ಕೆ. ಮತ್ತೆ ಹಿಂದಕ್ಕೆ. ಯಜಮಾನರು ಕವೆಗೋಲಿನಲ್ಲಿ ಗಿಡ ಮಗುಚಿ ಹಾಕುತ್ತಲೇ ಇದ್ದರು. ಏಳು ರೌಂಡ್ ಆಯಿತು. ಹೊಗೆ ವಾಸನೆ ಬಂದಾಗಲೇ ನಿಲ್ಲಿಸಿದ್ದು. ಸೈಲೆನ್ಸರಿಗೆ ಹುರುಳಿ ಬಳ್ಳಿ ಸುತ್ತಿಕೊಂಡು ಕಪ್ಪಾಗಿತ್ತು. ಅಜ್ಜಿ ಬಿಂದಿಗೆ ನೀರು ಸುರಿದರು. ಬಿಪಿ ಅವರಿಗೆ ನೋಡಬೇಕಿತ್ತು, ಏರಿದ್ದು ನಮ್ಮದು.

ಪಾವಗಡ ನೋಡಲಿಲ್ಲ. ಆಂಧ್ರವೂ ಸಿಗಲಿಲ್ಲ. ರಾತ್ರಿ ತುಮಕೂರಿಗೆ ವಾಪಸ್ ಬಂದು ಟ್ರೈಲರಿನ ಅಡಿಗೆ ಗೋಣಿಚೀಲ ಹಾಸಿ ಕೊಡವಿದೆವು. ಚಾಸಿಸ್ ಸಂದಿ, ಮಡ್‌ಗಾರ್ಡ್, ಸಿಂಕಿನ ಪೈಪು, ಎಲ್ಲ ಕಡೆಯಿಂದ ಉದುರಿತು. ನನ್ನವಳು ಮೊರದಲ್ಲಿ ಕೇರಿ ಅಳೆದಳು. ಮುಕ್ಕಾಲು ಸೇರು. ಮಾರನೇ ದಿನ ಹುರುಳಿ ಕಾಳಿನ ಬಸ್ಸಾರು. ಭಾಮೈದ ಎರಡು ಮುದ್ದೆ ಉಂಡು, ರಾಗಿ ಒಕ್ಕಣೆ ಯಾವಾಗ ಮುಗಿಯುತ್ತೆ ಭಾವ ಅಂತ ಕೇಳಿದ.