‘ಫ್ಯಾಮಿಲಿ ಮ್ಯಾನ್’ನ ಟಾಸ್ಕ್ ನಿಜವಾದ ಸಂಸ್ಥೆಯಲ್ಲ

‘ದಿ ಫ್ಯಾಮಿಲಿ ಮ್ಯಾನ್’ ವೆಬ್ ಸರಣಿಯ ‘ಟಾಸ್ಕ್’ ನಿಜವಾಗಿಯೂ ಎನ್‌ಐಎಯ (ರಾಷ್ಟ್ರೀಯ ತನಿಖಾ ದಳ) ಗುಪ್ತ ವಿಭಾಗ, ಕಥಾನಾಯಕ ಶ್ರೀಕಾಂತ್ ತಿವಾರಿ ಅಲ್ಲಿ ಕೆಲಸ ಮಾಡಿದ ನಿಜವಾದ ಅಧಿಕಾರಿ ಎಂದು ಕೆಲವರು ಹೇಳುತ್ತಿದ್ದಾರೆ. ಎರಡೂ ತಪ್ಪು. ಎನ್‌ಐಎ ನಿಜ, 2008ರ ಮುಂಬೈ ದಾಳಿಯ ನಂತರ ಕಾನೂನು ಮಾಡಿ ಕಟ್ಟಿದ್ದು. ಟಾಸ್ಕ್ ಮತ್ತು ಶ್ರೀಕಾಂತ್ ಮಾತ್ರ ಸರಣಿ ಸೃಷ್ಟಿಸಿದ ರಾಜ್-ಡಿಕೆ ಜೋಡಿಯ ಕಲ್ಪನೆ. ಸುದ್ದಿಗಳಿಂದ ಎಳೆ ತೆಗೆದುಕೊಂಡಿದ್ದಾರೆ, ನಿಜ. ಆದರೆ ಅಷ್ಟಕ್ಕೇ ಅದು ಯಾರದೋ ಜೀವನಚರಿತ್ರೆ ಆಗಲ್ಲ.

ಜನ ನಂಬೋದಕ್ಕೆ ಕಾರಣ ಇದೆ. 2019ರಲ್ಲಿ ಬಂದ ಈ ಬೇಹುಗಾರನ ಮೈಮೇಲೆ ಕೋಟು-ಟೈ ಇಲ್ಲ. ಹೆಂಡತಿಗೆ ಸುಳ್ಳು ಹೇಳುತ್ತಾನೆ, ಸಿಕ್ಕಿಬೀಳುತ್ತಾನೆ, ಮಕ್ಕಳ ಕೈಲಿ ಬೈಸಿಕೊಳ್ಳುತ್ತಾನೆ. ಎರಡನೇ ಸೀಸನ್‌ನಲ್ಲಂತೂ ಐಟಿ ಕಂಪನಿ ಸೇರಿ, ತನಗಿಂತ ಚಿಕ್ಕ ವಯಸ್ಸಿನ ಬಾಸ್ ಉಪದೇಶ ಕೊಡುವಾಗ ಹಲ್ಲು ಕಚ್ಚಿಕೊಂಡು ಕೂರುತ್ತಾನೆ. ಬೆಂಗಳೂರಿನಲ್ಲಿ ಇದು ಎಷ್ಟು ಜನರ ಕಥೆ, ಅಲ್ವಾ? ಮನೋಜ್ ಬಾಜಪೇಯಿ ಆ ಮುಖಭಾವವನ್ನು ಎಷ್ಟು ಸಲೀಸಾಗಿ ತಂದಿದ್ದಾರೆ ಅಂದ್ರೆ, ನಟನೆ ಅನ್ನೋದೇ ಮರೆತುಹೋಗುತ್ತದೆ. ನನಗೆ ಗುಂಡಿನ ಚಕಮಕಿಗಿಂತ ಆ ದೃಶ್ಯಗಳೇ ಜಾಸ್ತಿ ಇಷ್ಟ.

ಟಾಸ್ಕ್‌ಗೆ ಅರ್ಜಿ ಹಾಕೋದು ಹೇಗೆ ಎಂದು ಕೇಳುವವರಿಗೂ ಉತ್ತರ ಇದೇ: ಅರ್ಜಿ ತಗೊಳ್ಳೋಕೆ ಕಚೇರಿಯೇ ಇಲ್ಲ.