ಬೈರನ್ ಆತ್ಮಕಥೆ ಎಡಿನ್‌ಬರೋದಲ್ಲಿದೆಯಾ?

ಇಂಗ್ಲಿಷ್ ಕವಿ ಬೈರನ್ ಸ್ವಂತ ಕೈಯಲ್ಲಿ ಬರೆದ ಆತ್ಮಕಥೆ ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬೀಗ ಹಾಕಿ ಇಟ್ಟಿದ್ದಾರೆ, ಯಾರಿಗೂ ತೋರಿಸಲ್ಲ ಅನ್ನೋ ಮಾತು ಹರಿದಾಡುತ್ತಿದೆ. ಇದು ನಿಜವಲ್ಲ. ಬೀಗ ಹಾಕಿ ಇಡೋಕೆ ಅಲ್ಲಿ ಆ ಹಸ್ತಪ್ರತಿಯೇ ಇಲ್ಲ.

ಬೈರನ್ 1819ರಲ್ಲಿ ಅದನ್ನು ಗೆಳೆಯ ಥಾಮಸ್ ಮೂರ್ ಕೈಗೆ ಕೊಟ್ಟಿದ್ದರು. ಮೂರ್ ಅದನ್ನು ಪ್ರಕಾಶಕ ಜಾನ್ ಮರ್ರೆಗೆ 2,000 ಗಿನಿಗೆ (ಆಗಿನ ಬ್ರಿಟಿಷ್ ಹಣದ ಲೆಕ್ಕ) ಮಾರಿದರು. ಬೈರನ್ 1824ರ ಏಪ್ರಿಲ್ 19ರಂದು ಗ್ರೀಸಿನಲ್ಲಿ ತೀರಿಕೊಂಡರು. ತಿಂಗಳು ಕಳೆಯುವುದರೊಳಗೆ, ಮೇ 17ರಂದು, ಲಂಡನ್ನಿನ ಆಲ್ಬೆಮಾರ್ಲ್ ಬೀದಿಯ 50ನೇ ನಂಬರಿನ ಮರ್ರೆ ಮನೆಯಲ್ಲಿ ಕೆಲವರು ಸೇರಿದರು. ಹಸ್ತಪ್ರತಿ ಸುಡೋದು ಬೇಡ ಅಂದರು ಮೂರ್. ಕೇಳುವವರಿರಲಿಲ್ಲ. ಹಾಳೆಗಳನ್ನು ಹರಿದು ಬೆಂಕಿಗೂಡಿಗೆ ಹಾಕಿದರು, ಜೊತೆಗಿದ್ದ ನಕಲನ್ನೂ ಬಿಡಲಿಲ್ಲ. ಸುಡಲೇಬೇಕು ಅಂತ ಪಟ್ಟು ಹಿಡಿದ ಬೈರನ್ ಗೆಳೆಯ ಹಾಬ್‌ಹೌಸ್ ಅದನ್ನು ಓದಿಯೇ ಇರಲಿಲ್ಲ! ಮರ್ರೆ ಕೂಡ ಅಷ್ಟೇ. ಬೈರನ್ ಮರ್ಯಾದೆ ಹೋದೀತು ಅನ್ನೋ ಭಯ ಅಂದರೆ ಹೀಗೇ ಅಲ್ವಾ?

ಹಾಗಾದರೆ ಎಡಿನ್‌ಬರೋ ಹೆಸರು ಎಲ್ಲಿಂದ ಬಂತು? ಬಹುಶಃ ಮರ್ರೆ ಸಂಸ್ಥೆಯ ಕಾಗದಪತ್ರಗಳಿಂದ. ಅದೇ ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಆ ರಾಶಿಯನ್ನು ಗ್ರಂಥಾಲಯ 3.12 ಕೋಟಿ ಪೌಂಡಿಗೆ ಕೊಂಡು, 2006ರಲ್ಲಿ ತನ್ನದಾಗಿಸಿಕೊಂಡಿತು. ಅದರಲ್ಲಿ ಬೈರನ್ ಪತ್ರಗಳು ಜಾಸ್ತಿ ಇವೆ, ಕವನಗಳ ಹಸ್ತಪ್ರತಿಗಳೂ ಇವೆ. ಅವು ಗುಟ್ಟಿನವೂ ಅಲ್ಲ. ಸಂಶೋಧಕರು ಗ್ರಂಥಾಲಯದ ಓದುಕೋಣೆಯಲ್ಲಿ ಕೇಳಿ ನೋಡಬಹುದು.

ಸುಟ್ಟ ಪುಸ್ತಕದ ಇನ್ನೊಂದು ನಕಲು ಎಲ್ಲಿಯೂ ಸಿಕ್ಕಿಲ್ಲ. ಮೂರ್ 1830ರಲ್ಲಿ ಬೈರನ್ ಜೀವನಚರಿತ್ರೆ ಹೊರತಂದರು. ಅಚ್ಚು ಹಾಕಿಸಿದ್ದು ಅದೇ ಮರ್ರೆ.